ಕಾಯಕವೋ, ಸೆರೆಯೋ?

ಮಂಡಕಳ್ಳಿಯ ಶಿವಭಕ್ತರೊಬ್ಬರು ಮಗನ ಮನೆಗೆಂದು ಅಮೆರಿಕ ದೇಶಕ್ಕೆ ಹೋಗಿ ಬಂದು, ಶ್ರಾವಣಮಾಸದ ಅನುಭಾವಗೋಷ್ಠಿಯಲ್ಲಿ ತಾವು ಅಲ್ಲಿ ಕಂಡ ಒಂದು ನೋಟವನ್ನು ಬಹು ಉತ್ಸಾಹದಿಂದ ಬಣ್ಣಿಸಿದರು. ಫ್ಲಾರಿಡಾದ ವಿಹಾರಸ್ಥಾನವೊಂದರ ಕೊಳದಲ್ಲಿ ಓರ್ಕಾ ಎಂಬ ಮಹಾಜಲಚರವನ್ನು ಇರಿಸಿದ್ದಾರೆ. ತಿಮಿಂಗಿಲವೆಂದು ಕರೆಯುವರಾದರೂ ಅದು ಡಾಲ್ಫಿನ್ನಿನ ಕುಲಕ್ಕೆ ಸೇರಿದುದು. ಶಿಕ್ಷಕನು ಕೈಸನ್ನೆ ಮಾಡಿದೊಡನೆ ಅದು ನೀರಿನಿಂದ ಮೇಲಕ್ಕೆ ನೆಗೆಯುವುದಂತೆ; ಆಟ ಮುಗಿದೊಡನೆ ಬಾಯ್ತುಂಬ ಮೀನನ್ನು ಪಡೆಯುವುದಂತೆ. ಗೋಷ್ಠಿಯಲ್ಲಿದ್ದ ತರುಣನೊಬ್ಬನು, “ಅದು ಸೆರೆಯಲ್ಲವೆ, ಯಜಮಾನರೆ?” ಎಂದನು. ಅವರು ಒಡನೆಯೇ, “ಸೆರೆ ಎಂತಹುದಪ್ಪ? ದುಡಿಯುತ್ತದೆ, ಉಣ್ಣುತ್ತದೆ. ನಮ್ಮ ದಸರೆಯ ಆನೆಯೂ ಹಾಗೆಯೇ. ಕಾಯಕವೆಂಬುದು ಮನುಷ್ಯರಿಗೆ ಮಾತ್ರವೇನು?” ಎಂದುಬಿಟ್ಟರು.

ಪ್ರಸಾದದ ಹೊತ್ತಾಗಿದ್ದುದರಿಂದ ಮಾತು ಅಲ್ಲಿಗೆ ನಿಂತಿತು. ಆದರೆ ಕಾಯಕದಂತಹ ಘನವಾದ ಶಬ್ದವನ್ನು ಬೇಕಾದೆಡೆಗೆಲ್ಲ ಹಚ್ಚುತ್ತ ಹೋದರೆ ಅದರ ತೂಕವೇ ಕಳೆದುಹೋಗುವುದು. ಆದುದರಿಂದ ಆ ಮಾತನ್ನು ಇಲ್ಲಿ ಮತ್ತೆ ಎತ್ತಿಕೊಂಡಿದ್ದೇನೆ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗವನ್ನು ವಾಚಕರು ಬಲ್ಲರು. ನಾವು ಅದರಲ್ಲಿ ಸಾಮಾನ್ಯವಾಗಿ ನಿರ್ಲೋಭವನ್ನಷ್ಟೇ ಕಾಣುತ್ತೇವೆ. ಅದರ ಅಡಿಯಲ್ಲಿ ಮತ್ತೊಂದು ಸಂಗತಿಯಿದೆ. ಆ ದಂಪತಿಗಳಿಗೆ ಬೇಡವೆನ್ನುವ ಸ್ವಾತಂತ್ರ್ಯವಿದ್ದಿತು. ಬಂದುದನ್ನು ಹಿಂದಿರುಗಿಸಬಲ್ಲವರಾದುದರಿಂದಲೇ ಅವರು ಇರಿಸಿಕೊಂಡುದು ಶುದ್ಧವಾಯಿತು. ಕೊಳದ ಓರ್ಕಾ ಮೀನನ್ನು ಹಿಂದಿರುಗಿಸಿ ಸಮುದ್ರಕ್ಕೆ ಹೋಗಬಲ್ಲುದೆ? ಲಾಯದ ಆನೆಯು ಕಬ್ಬನ್ನೂ ಬೆಲ್ಲವನ್ನೂ ಬೇಡವೆಂದು ತಳ್ಳಿ ಕಾಡಿಗೆ ನಡೆಯಬಲ್ಲುದೆ? ಒಲ್ಲೆನೆನ್ನಲು ಬಾರದವನ ದುಡಿಮೆಯನ್ನು ಶರಣರು ಕಾಯಕವೆಂದವರಲ್ಲ.

ಈ ಪ್ರಾಣಿಗಳು ನಮ್ಮ ಬಳಿಗೆ ಬಂದ ಬಗೆಯನ್ನೂ ನೋಡಬೇಕು. ಮೈಸೂರು ಸೀಮೆಯಲ್ಲಿ ಆನೆಗಳನ್ನು ಹಿಂಡಾಗಿ ಹಿಡಿಯುವ ಖೆಡ್ಡಾ ಕಾರ್ಯವನ್ನು 1873-74ರ ಸುಮಾರಿಗೆ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು ನೆಲೆಗೊಳಿಸಿದನು. ಮುಂದೆ ಕಪಿಲೆಯ ದಡದ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧವಾಯಿತು. ತಮಟೆ, ಬೆಂಕಿ, ಬಂದೂಕಿನ ಸದ್ದುಗಳಿಂದ ಹಿಂಡನ್ನು ಬೆದರಿಸಿ, ಹೊಳೆಯನ್ನು ಹಾಯಿಸಿ, ದಿಮ್ಮಿಗಳ ಬೇಲಿಯೊಳಕ್ಕೆ ನುಗ್ಗಿಸುತ್ತಿದ್ದರು. ಗಣ್ಯರು ಅಟ್ಟಣಿಗೆಯ ಮೇಲೆ ಕುಳಿತು ನೋಡುತ್ತಿದ್ದರು. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಅದಕ್ಕೆ ಸ್ವಲ್ಪ ಮೊದಲು, 1970ರ ಆಗಸ್ಟ್ 8ರಂದು, ಅಮೆರಿಕದ ವಾಷಿಂಗ್ಟನ್ ಪ್ರಾಂತದ ಪೆನ್ ಕೋವ್ ಎಂಬ ಕಡಲ ಕೊಲ್ಲಿಯಲ್ಲಿ ದೋಣಿಗಳಿಂದಲೂ ಸಿಡಿಮದ್ದಿನಿಂದಲೂ ಓರ್ಕಾಗಳ ಬಳಗವನ್ನು ಅಟ್ಟಿ ಬಲೆಯೊಳಗೆ ಕೂಡಿಹಾಕಿ, ಏಳು ಮರಿಗಳನ್ನು ತಾಯಂದಿರಿಂದ ಬಿಡಿಸಿ ಮಾರಿದರು. ಬಲೆಗೆ ಸಿಕ್ಕಿ ಮುಳುಗಿ ಸತ್ತ ಮರಿಗಳೂ ಉಂಟು. ಭೂಮಿಯ ಎರಡು ತುದಿಗಳಲ್ಲಿದ್ದು ಒಬ್ಬರನ್ನೊಬ್ಬರು ಅರಿಯದ ಜನರು ಒಂದೇ ಉಪಾಯವನ್ನು ಹೂಡಿದುದು ಸೋಜಿಗವೇನೂ ಅಲ್ಲ. ಆನೆಯಾಗಲಿ ಓರ್ಕಾವಾಗಲಿ ಹಿರಿಯ ಹೆಣ್ಣಿನ ಹಿಂದೆ ಬಳಗವಾಗಿ ಬಾಳುವುದು. ಅಪಾಯ ಬಂದಾಗ ಮರಿಯನ್ನು ಬಿಟ್ಟು ಓಡದು. ಹಿಡಿಯುವವನಿಗೆ ಅನುಕೂಲವಾದುದು ಅವುಗಳ ಆ ಮಮತೆಯೇ.

ಹಾಗೆ ಮಾರಲ್ಪಟ್ಟ ಒಂದು ಹೆಣ್ಣುಮರಿಗೆ ಟೋಕಿಟೆ ಎಂದು ಹೆಸರು. ಮಯಾಮಿ ನಗರದ ಪ್ರದರ್ಶನಶಾಲೆಯಲ್ಲಿ ಅದನ್ನು ಲೋಲಿಟಾ ಎಂದು ಕರೆದರು. ಇಪ್ಪತ್ತಡಿ ಉದ್ದಕ್ಕೆ ಬೆಳೆದ ಅದರ ಕೊಳವು ಸುಮಾರು 80 ಅಡಿ ಉದ್ದ, 35 ಅಡಿ ಅಗಲ, 20 ಅಡಿ ಆಳ. ಜೊತೆಗಿದ್ದ ಒಂದೇ ಒಂದು ಗಂಡು ಓರ್ಕಾ 1980ರಲ್ಲಿ ಸತ್ತಿತು. ಆಮೇಲೆ ನಾಲ್ವತ್ತಕ್ಕೂ ಹೆಚ್ಚು ವರುಷ ತನ್ನ ಜಾತಿಯ ಮತ್ತೊಂದು ಜೀವವನ್ನು ಅದು ಕಾಣಲಿಲ್ಲ. ತವರಿನ ಕಡಲ ತೀರದ ಲಮ್ಮಿ ಎಂಬ ಮೂಲನಿವಾಸಿಗಳು ಅದನ್ನು ತಮ್ಮ ನೆಂಟಳೆಂದು ಭಾವಿಸಿ ಮರಳಿಸುವಂತೆ ಬೇಡುತ್ತಲೇ ಇದ್ದರು. 2023ರಲ್ಲಿ ಮರಳಿಸುವ ಸನ್ನಾಹವೇನೋ ಆರಂಭವಾಯಿತು. ಆದರೆ ಅದೇ ಆಗಸ್ಟ್ 18ರಂದು ಅದು ಕೊಳದಲ್ಲಿಯೇ ಅಸುನೀಗಿತು. ತನ್ನ ಬಳಗದ ಕೂಗನ್ನು ಅದು ಕೊನೆಯವರೆಗೂ ಮರೆತಿರಲಿಲ್ಲವೆಂದು ಅದನ್ನು ಬಲ್ಲವರು ಹೇಳುತ್ತಾರೆ.

ಇದನ್ನು ಓದಿದಾಗ ನನಗೆ ನೆನಪಾದವರು ಅಕ್ಕಮಹಾದೇವಿ. ಚೆನ್ನಮಲ್ಲಿಕಾರ್ಜುನನಿಗಾಗಿ ತಾವು ಪಡುವ ಹಂಬಲಕ್ಕೆ ಅವರು ಸಾದೃಶ್ಯವಾಗಿ ತಂದುದು ತನ್ನವರನ್ನು ಕಳೆದುಕೊಂಡು ಸೆರೆಸಿಕ್ಕ ಆನೆಗೆ ಹುಟ್ಟಿದ ಬೆಟ್ಟಗಾಡಿನ ಮೇಲಿರುವ ಹಂಬಲವನ್ನು. ನಾವು ಆ ವಚನವನ್ನು ಹಾಡಿ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಆನೆಯ ವಿಷಯವನ್ನು ಮಾತ್ರ ಉಪಮಾಲಂಕಾರವೆಂದು ಬಿಟ್ಟುಬಿಡುತ್ತೇವೆ. ಉಪಮಾನವು ಕೇಳುವವರಿಗೆ ತಿಳಿದ ವಸ್ತುವಾಗಿರಬೇಕೆಂಬುದು ಲಾಕ್ಷಣಿಕರ ಮಾತು. ಸೆರೆಯ ಆನೆಯ ದುಃಖವನ್ನು ಹನ್ನೆರಡನೆಯ ಶತಮಾನದ ಜನರು ಕಣ್ಣಾರೆ ಬಲ್ಲವರಾಗಿದ್ದುದರಿಂದಲೇ ಅಕ್ಕನವರು ಅದರಿಂದ ತಮ್ಮ ದುಃಖವನ್ನು ಅಳೆದು ತೋರಿಸಿದರು. ಹೊಟ್ಟೆ ತುಂಬಿದೊಡನೆ ಆನೆಗೆ ಕಾಡು ಮರೆಯುವುದೆಂದು ನಾವು ಹೇಳುವುದಾದರೆ, ಹೊಟ್ಟೆ ತುಂಬಿದ ಭಕ್ತನಿಗೆ ದೇವರೂ ಮರೆಯುವನೆಂದೇ ಆ ವಚನಕ್ಕೆ ಅರ್ಥ ಹೇಳಬೇಕಾಗುವುದು. ಕೌಶಿಕನ ಅರಮನೆಯಲ್ಲಿ ಅಕ್ಕನವರಿಗೆ ಅನ್ನವಸ್ತ್ರಗಳ ಕೊರತೆಯೇನಾದರೂ ಇದ್ದಿತೆ?

ಆದರೂ ಮಂಡಕಳ್ಳಿಯ ಯಜಮಾನರ ಪಕ್ಷದಲ್ಲಿಯೂ ಹೇಳತಕ್ಕುದು ಉಂಟು. ಆನೆಯ ಮೈತಿಕ್ಕಿ, ಅದರ ಕಾಲಬುಡದಲ್ಲಿಯೇ ಬಾಳು ಕಳೆಯುವ ಜೇನುಕುರುಬ ಮಾವುತರ ಮಮತೆಯ ಮುಂದೆ ನಮ್ಮ ಜೀವದಯೆಯ ಭಾಷಣಗಳು ಹಗುರವೇ ಸರಿ. ಬಿಡುಗಡೆಯೂ ಸುಲಭವಲ್ಲ. 1979ರಲ್ಲಿ ಹಿಡಿಯಲ್ಪಟ್ಟು ಚಲಚ್ಚಿತ್ರದಿಂದ ಪ್ರಖ್ಯಾತವಾದ ಕೈಕೋ ಎಂಬ ಓರ್ಕಾವನ್ನು 2002ರಲ್ಲಿ ಸಮುದ್ರಕ್ಕೆ ಬಿಟ್ಟರೆ, ಅದು ನಾರ್ವೆಯ ದಡಕ್ಕೆ ಬಂದು ಮನುಷ್ಯರನ್ನೇ ಅರಸಿತು. ಮರುವರ್ಷ ಅಲ್ಲಿಯೇ ಸತ್ತಿತು. ಇನ್ನು ಹಾಸನ, ಕೊಡಗುಗಳ ರೈತನ ಗದ್ದೆಯನ್ನು ತುಳಿದು ಪ್ರಾಣಕ್ಕೂ ಎರವಾಗುವ ಕಾಡಾನೆಯನ್ನು ಹಿಡಿಯಬೇಡಿರೆಂದು ಊರಿನಲ್ಲಿ ಕುಳಿತು ಬರೆಯುವ ಧೈರ್ಯ ನನಗಿಲ್ಲ. ಆದರೆ ಆ ಹಿಡಿಯುವ ಕೆಲಸಕ್ಕೂ ಮುಂದೆ ಮಾಡುವುದು ಮೊದಲೇ ಹಿಡಿದ ಆನೆಯನ್ನು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿದ ಅರ್ಜುನನು 2012ರಿಂದ 2019ರವರೆಗೆ ಎಂಟು ಬಾರಿ 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತನು. ವಯಸ್ಸಾಯಿತೆಂದು ಅಂಬಾರಿಯಿಂದ ಬಿಡುವು ಪಡೆದಮೇಲೂ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆಯನ್ನು ಹಿಡಿಯಲು ಹೋಗಿ ಅದರೊಡನೆ ಕಾದಾಡಿ ಮಡಿದನು. ನಾಡೆಲ್ಲ ಕಣ್ಣೀರಿಟ್ಟಿತು. ಆ ಕಣ್ಣೀರು ನಿಜವಾದುದೇ. ಅರುವತ್ತು ದಾಟಿದವನನ್ನು ಅಲ್ಲಿಗೆ ಏಕೆ ಕಳುಹಿಸಿದೆವೆಂಬ ಪ್ರಶ್ನೆಯೂ ಅಷ್ಟೇ ನಿಜವಾದುದು.

ಪ್ರಾಣಾಪಾಯವನ್ನು ತಪ್ಪಿಸಲು ಹಿಡಿಯುವುದು ಬೇರೆ, ವೈಭವಕ್ಕೆಂದು ಇರಿಸಿಕೊಳ್ಳುವುದು ಬೇರೆ. ಮೊದಲನೆಯದು ಸಂಕಟದ ಕರ್ಮ. ಎರಡನೆಯದಕ್ಕೆ ಆ ನೆಪವೂ ಇಲ್ಲ. ಫ್ಲಾರಿಡಾದ ಆರ್ಲಾಂಡೋ ಮೊದಲಾದೆಡೆ ಓರ್ಕಾಗಳನ್ನು ಇರಿಸಿಕೊಂಡಿರುವ ಸೀವರ್ಲ್ಡ್ ಸಂಸ್ಥೆಯು ಇನ್ನು ಅವುಗಳ ಸಂತಾನವನ್ನು ಬೆಳೆಸುವುದಿಲ್ಲವೆಂದು 2016ರಲ್ಲಿ ಸಾರಿತು. ಡಾಲ್ಫಿನ್ ಮೊದಲಾದವುಗಳ ಪ್ರದರ್ಶನಶಾಲೆಗಳಿಗೆ ಅನುಮತಿ ಕೊಡಬಾರದೆಂದು ನಮ್ಮ ಕೇಂದ್ರ ಸರಕಾರವು 2013ರಲ್ಲಿಯೇ ರಾಜ್ಯಗಳಿಗೆ ತಿಳಿಸಿತು. ಆನೆಯ ವಿಷಯದಲ್ಲಿ ಮಾತ್ರ ಕಾನೂನು ಅಷ್ಟು ಬಿಗಿಯಾಗಿಲ್ಲ. ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿಯು ಸಾಕಾನೆಯನ್ನು ಧಾರ್ಮಿಕ ಉದ್ದೇಶಕ್ಕೆ ಒಬ್ಬರಿಂದೊಬ್ಬರಿಗೆ ಕೊಡಲು ಎಡೆಮಾಡಿದೆ. ಎಂದರೆ ಉತ್ಸವದ ಮುಂದೆ ಆನೆ ಬೇಕೆ ಬೇಡವೆ ಎಂಬುದನ್ನು ನಿಶ್ಚಯಿಸುವ ಭಾರವು ಮಠಗಳ ಮೇಲೆಯೂ, ಆನೆಯಿಲ್ಲದಿದ್ದರೆ ಜಾತ್ರೆ ಕಳೆಗಟ್ಟದೆನ್ನುವ ನಮ್ಮಂತಹ ಭಕ್ತರ ಮೇಲೆಯೂ ಬಿದ್ದಿದೆ. ಸುತ್ತೂರು ಶ್ರೀಕ್ಷೇತ್ರಕ್ಕೆ ಇತ್ತೀಚಿನ ವರ್ಷಗಳಲ್ಲಿ ಯಂತ್ರದ ಆನೆಯೊಂದು ಬಂದಿದೆ. ಅದನ್ನು ಆಟಿಕೆಯೆಂದು ನಕ್ಕವರನ್ನು ನಾನು ಕೇಳಿದ್ದೇನೆ. ನಗಲಿ, ಅದಕ್ಕೆ ಅಗಲಿದ ತಾಯಿಯಿಲ್ಲ.

ಇದನ್ನೆಲ್ಲ ಯಜಮಾನರಿಗೆ ಹೇಳಿದೆ. ಒಪ್ಪಿದೆನೆಂದು ಅವರು ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, ಕಾಕನಕೋಟೆಯ ಆ ಖೆಡ್ಡಾ ಸ್ಥಳ ಈಗ ಏನಾಗಿದೆ ಎಂದು ಕೇಳಿದರು. ಕಬಿನಿ ಅಣೆಕಟ್ಟು ಕಟ್ಟಿದಾಗ ಅದು ಹಿನ್ನೀರಿನಲ್ಲಿ ಮುಳುಗಿತು. ಬೇಸಗೆಯಲ್ಲಿ ನೀರು ಇಳಿದು ದಡದಲ್ಲಿ ಹಸುರು ಚಿಗುರಿದಾಗ ನೂರಾರು ಕಾಡಾನೆಗಳು ಮರಿಗಳೊಡನೆ ಅಲ್ಲಿಗೆ ಮೇಯಲು ಬರುತ್ತವೆ ಎಂದೆ. ಮೊಮ್ಮಗನಿಗೆ ಬೇಸಗೆಯ ರಜೆ ಯಾವಾಗ ಆರಂಭವಾಗುವುದೆಂದು ಅವರು ಸೊಸೆಯನ್ನು ಕೂಗಿ ಕೇಳಿದರು.