ಹೆತ್ತ ಕರುಳೂ ಕ್ರೈಸ್ತ ವಿಶ್ವಾಸವೂ

ಬೆಂಗಳೂರಿನ ಹಳೆಯ ಪೇಟೆಗಳಲ್ಲೊಂದಾದ ಕಾಟನ್‌ಪೇಟೆಗೆ ಹಿಂದೆ ಅರಳೆಪೇಟೆಯೆಂಬ ಹೆಸರಿದ್ದಿತು. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ, ಕೋಟೆಯ ಸಮೀಪ, 1935ರಲ್ಲಿ ತೆರೆದ ವಾಣೀವಿಲಾಸ ಆಸ್ಪತ್ರೆಯಿದೆ. ಇನ್ನೊಂದು ದಾರಿ ಹಿಡಿದರೆ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವೂ, ಮುಂದೆ ಹಡ್ಸನ್ ಸ್ಮಾರಕ ದೇವಾಲಯವೂ ಸಿಕ್ಕುತ್ತವೆ. ಎರಡೂ ಕನ್ನಡ ಕ್ರೈಸ್ತರ ದೇವಾಲಯಗಳು. ಪೇಟೆಯ ಕ್ರೈಸ್ತ ಗೃಹಿಣಿಯೊಬ್ಬಳು ಹೆರಿಗೆಗೆ ಮೊದಲನೆಯ ದಾರಿಯನ್ನೂ ಪ್ರಾರ್ಥನೆಗೆ ಎರಡನೆಯದನ್ನೂ ಹಿಡಿದಳೆಂದು ಭಾವಿಸೋಣ. ಆಸ್ಪತ್ರೆಯ ಮಂಚದ ಮೇಲೆ ಆಕೆ ಅನುಭವಿಸಿದುದನ್ನೆಲ್ಲ ದೇವಾಲಯದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಬಹುದೆ? ಆನಂದವನ್ನು ಹೇಳಿಕೊಳ್ಳಬಹುದು, ಅದಕ್ಕೆ ಕೀರ್ತನೆಗಳಿವೆ. ಭಯ, ಬೇಸರ, ಕೋಪ, ಮಗುವಿನ ಮುಖ ಕಂಡರೂ ಅರಳದ ಮನಸ್ಸು, ಇವುಗಳ ಗತಿಯೇನು?

ಕ್ರೈಸ್ತಮತವು ತಾಯ್ತನವನ್ನು ಬರಿಯ ಮಾಧುರ್ಯವೆಂದು ಕಾಣುತ್ತದೆಂಬ ಭಾವನೆ ಹೊರಗಿನವರಲ್ಲಿ ಮಾತ್ರವಲ್ಲ, ಒಳಗಿನವರಲ್ಲಿಯೂ ಉಂಟು. ಶಿಶುವನ್ನೆತ್ತಿಕೊಂಡ ಮರಿಯಳ ಪ್ರಸನ್ನ ಚಿತ್ರಗಳು ಅದಕ್ಕೆ ಒಂದು ಕಾರಣ. ಮೇ ತಿಂಗಳ ಎರಡನೆಯ ಭಾನುವಾರ ಅನೇಕ ಸಭೆಗಳಲ್ಲಿ ನಡೆಯುವ ತಾಯಂದಿರ ದಿನ ಇನ್ನೊಂದು. ಆ ದಿನದ ಹುಟ್ಟು ಮಾತ್ರ ಅಷ್ಟು ಮಧುರವಾದುದಲ್ಲ. 1905ರಲ್ಲಿ ತೀರಿಕೊಂಡ ತನ್ನ ತಾಯಿಯ ನೆನಪಿಗಾಗಿ ಅಮೆರಿಕೆಯ ಆನಾ ಜಾರ್ವಿಸ್ ಎಂಬಾಕೆ 1908ರಲ್ಲಿ ಗ್ರಾಫ್ಟನ್ ಊರಿನ ಮೆಥಡಿಸ್ಟ್ ದೇವಾಲಯದಲ್ಲಿ ಅದನ್ನು ಮೊದಲು ಮಾಡಿಸಿದಳು. ಆ ತಾಯಿ ಹೆತ್ತ ಮಕ್ಕಳಲ್ಲಿ ಹೆಚ್ಚಿನವು ಎಳವೆಯಲ್ಲಿಯೇ ಸತ್ತಿದ್ದುವು. ಮಗಳಿಗೋ ಮಕ್ಕಳೇ ಇರಲಿಲ್ಲ; ತಾನು ಹೂಡಿದ ಹಬ್ಬವನ್ನು ವ್ಯಾಪಾರಿಗಳು ಹೂವು ಕಾಗದಗಳ ಸಂತೆಯಾಗಿ ಮಾಡಿದುದನ್ನು ವಿರೋಧಿಸುತ್ತ ಆಕೆ 1948ರಲ್ಲಿ ಕಣ್ಮುಚ್ಚಿದಳು. ಮಕ್ಕಳಿಲ್ಲದವಳೂ ಮಗುವನ್ನು ಕಳೆದುಕೊಂಡವಳೂ ಆ ಭಾನುವಾರ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರೆ, ಹಬ್ಬದ ಮೂಲಕ್ಕೆ ಅವರೇ ಹೆಚ್ಚು ಹತ್ತಿರದವರೆನ್ನಬೇಕು.

ಧರ್ಮಗ್ರಂಥವೇ ಈ ವಿಷಯದಲ್ಲಿ ಉಪದೇಶಕರಿಗಿಂತ ಧೈರ್ಯವುಳ್ಳದ್ದು. ಮಕ್ಕಳಿಲ್ಲದ ಹನ್ನಳು ತುಟಿಯಾಡಿಸುತ್ತ ಪ್ರಾರ್ಥಿಸುತ್ತಿದ್ದಾಗ ಯಾಜಕನು ಆಕೆ ಕುಡಿದಿರುವಳೆಂದು ಬಗೆದು ಗದರಿದನು. ಬಳಿಕ ಹುಟ್ಟಿದ ಸಮುವೇಲನನ್ನು ಮೊಲೆ ಬಿಡಿಸಿದೊಡನೆ ಹರಕೆಯಂತೆ ದೇವಾಲಯಕ್ಕೆ ಒಪ್ಪಿಸಿದಳು. ಅನಂತರ ವರ್ಷಕ್ಕೊಮ್ಮೆ ಅವನಿಗಾಗಿ ಚಿಕ್ಕದೊಂದು ನಿಲುವಂಗಿಯನ್ನು ಹೊಲಿದುಕೊಂಡು ಹೋಗುತ್ತಿದ್ದಳು. ಕಣ್ಣೆದುರಿಗಿಲ್ಲದ ಮಗನು ಒಂದು ವರ್ಷದಲ್ಲಿ ಎಷ್ಟು ಬೆಳೆದಿರುವನೆಂದು ಆಕೆ ಯಾವ ಅಳತೆಯಿಂದ ತಿಳಿದಳೋ ಗ್ರಂಥಕರ್ತನು ಹೇಳಿಲ್ಲ. ಹರಕೆ ತೀರಿಸಿದ ತೃಪ್ತಿಯೂ ತಾಯಿಯ ಹಂಬಲವೂ ಆ ಅಂಗಿಯಲ್ಲಿ ಒಟ್ಟಿಗೆ ಹೊಲಿಯಲ್ಪಟ್ಟಿವೆ.

ಇದಕ್ಕಿಂತ ಕಠಿಣವಾದುದು ರಾಹೇಲಳ ಕಥೆ. ಮಕ್ಕಳಿಲ್ಲದಿದ್ದರೆ ಸಾಯುವೆನೆಂದು ಹಠ ಹಿಡಿದಿದ್ದ ಆಕೆ ಎರಡನೆಯ ಹೆರಿಗೆಯಲ್ಲಿ, ದಾರಿಯ ಮಧ್ಯದಲ್ಲಿ, ಪ್ರಾಣಬಿಟ್ಟಳು. ಇದೂ ಗಂಡುಮಗುವೇ, ಹೆದರಬೇಡವೆಂದು ಸೂಲಗಿತ್ತಿ ಸಮಾಧಾನ ಹೇಳಿದಳು. ಸಾಯುವವಳು ಮಗುವಿಗೆ ಬೆನೋನಿ, ಎಂದರೆ ತನ್ನ ದುಃಖದ ಮಗ, ಎಂದು ಹೆಸರಿಟ್ಟಳು. ತಂದೆಯಾದ ಯಾಕೋಬನು ಅದನ್ನು ಬದಲಿಸಿ ಬೆನ್ಯಾಮೀನನೆಂದು ಕರೆದನು. ಯಾಕೋಬನನ್ನು ನಿಂದಿಸಲಾಗದು, ತಾಯಿಯ ಮರಣವನ್ನು ಹೆಸರಿನಲ್ಲಿ ಹೊತ್ತು ಮಗು ಬದುಕಬಾರದೆಂದು ಅವನಿಗೆ ತೋರಿರಬಹುದು. ಆದರೆ ಗ್ರಂಥವು ಎರಡು ಹೆಸರುಗಳನ್ನೂ ಉಳಿಸಿಕೊಂಡಿದೆಯೆಂಬುದನ್ನು ವಾಚಕರು ಗಮನಿಸಬೇಕು. ತಾಯಿ ಬೆನೋನಿಯೆಂದೊಡನೆ ಬೆನ್ಯಾಮೀನನೆಂದು ತಿದ್ದುವ ಅವಸರ ಸಮಾಧಾನ ಹೇಳುವವರಲ್ಲಿ ಇಂದಿಗೂ ಕಾಣುವುದು. ಹೆತ್ತ ಮೇಲೆ ಕವಿಯುವ ಖಿನ್ನತೆಯನ್ನು ಇಂದು ವೈದ್ಯರು ರೋಗವೆಂದು ಗುರುತಿಸಿ ಚಿಕಿತ್ಸೆ ಮಾಡುತ್ತಾರೆ. ಅದನ್ನು ಕೃತಘ್ನತೆಯೆಂದೂ ವಿಶ್ವಾಸದ ಕೊರತೆಯೆಂದೂ ಬಗೆದು ದೇವರ ಕ್ಷಮೆ ಬೇಡುವ ಬಾಣಂತಿಗೆ, ಬೇಡಬೇಕಾದುದು ಕ್ಷಮೆಯಲ್ಲವೆಂದು ಹೇಳುವವರು ಬೇಕು. ಶಿಶುವನ್ನು ಎದೆಗೊತ್ತಿಕೊಂಡು ಹೊರುವ ಭಾರ ತನ್ನಿಂದಾಗದೆಂಬ ದೂರು ಬೈಬಲ್ಲಿನಲ್ಲಿಯೂ ಇದೆ. ಆದರೆ ಅದು ಮೋಶೆಯ ಬಾಯಿಂದ, ತನ್ನ ಜನಾಂಗದ ಕಾಟವನ್ನು ಕುರಿತು ಬಂದುದು. ಗಂಡಸು ಉಪಮೆಯಾಗಿ ಆಡಿದಾಗ ಅದು ಪ್ರಾರ್ಥನೆಯೆನಿಸಿತು!

ಮರಿಯಳಿಗೂ ಈ ಮಿಶ್ರಭಾವ ತಪ್ಪಲಿಲ್ಲ. ಮಗುವನ್ನು ದೇವಾಲಯಕ್ಕೆ ತಂದ ದಿನವೇ ವೃದ್ಧ ಸಿಮೆಯೋನನು ಆಕೆಯ ಪ್ರಾಣವನ್ನು ಅಲಗು ತಿವಿಯುವುದೆಂದು ನುಡಿದನು. ಮುಂದೆ ಮಗನು ಜನರ ನಡುವೆ ಬೋಧಿಸುತ್ತಿದ್ದಾಗ ಆಕೆ ಹೊರಗೆ ನಿಂತು ಹೇಳಿ ಕಳುಹಿಸಿದಳು. ದೇವರ ಚಿತ್ತದಂತೆ ನಡೆಯುವವರೇ ತನ್ನ ತಾಯಿಯೆಂದು ಅವನು ಒಳಗಿನಿಂದ ಉತ್ತರ ಕೊಟ್ಟನು. ವ್ಯಾಖ್ಯಾನಕಾರರು ಆ ಉತ್ತರದ ತತ್ತ್ವವನ್ನು ವಿವರಿಸುತ್ತಾರೆ. ಹೊರಗೆ ನಿಂತವಳಿಗೆ ಅದು ಹೇಗೆ ಕೇಳಿಸಿತೆಂಬುದನ್ನು ಕುರಿತು ಮಾರ್ಕನು ಸುಮ್ಮನಿದ್ದಾನೆ.

ಕನ್ನಡಿಗರಿಗೆ ಇಲ್ಲೊಂದು ಸೌಕರ್ಯವುಂಟು. ನಮ್ಮ ಮಾತಿನಲ್ಲಿ ತಾಯಿಯ ಮಮತೆ ನೆಲಸಿರುವುದು ಕರುಳಿನಲ್ಲಿ, ನೋಯುವುದೂ ಅಲ್ಲಿಯೇ. ನಾಯಿನೂರಿನ ವಿಧವೆ ಒಬ್ಬನೇ ಮಗನ ಶವದ ಹಿಂದೆ ಬರುವುದನ್ನು ಯೇಸು ಕಂಡಾಗ ಅವನಿಗಾದುದನ್ನು ಹೇಳಲು ಲೂಕನು ಬಳಸಿದ ಗ್ರೀಕ್ ಕ್ರಿಯಾಪದವೂ ಕರುಳೆಂಬ ಅರ್ಥದ ಶಬ್ದದಿಂದ ಹುಟ್ಟಿದುದು. ಹೀಬ್ರೂ ಭಾಷೆಯಲ್ಲಿ ದಯೆಯ ಶಬ್ದಕ್ಕೂ ಗರ್ಭದ ಶಬ್ದಕ್ಕೂ ಧಾತು ಒಂದೇ. ದೇವರ ಕರುಣೆಯನ್ನು ಹೆತ್ತವಳ ನೋವಿನ ಮಾತಿನಲ್ಲಿ ಹೇಳಿದ ಮತವು ಆ ನೋವಿಗೆ ಕಿವುಡಾಗಬಹುದೆ?

ಕಿವುಡಾದುದೂ ಉಂಟು. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳ ಪ್ರಶ್ನೆ ಅಂತಹುದು. ಪ್ರಾಣಾಪಾಯದಲ್ಲಿ ಯಾರಾದರೂ, ಅನ್ಯಮತದವರಾದರೂ, ಧರ್ಮಸಭೆಯ ಉದ್ದೇಶದಂತೆ ನೀರೆರೆದು ವಿಧಿಯ ಮಾತುಗಳನ್ನಾಡಿ ಆ ಸ್ನಾನವನ್ನು ಕೊಡಬಹುದೆಂದು ಕಥೋಲಿಕ ಧರ್ಮಸಭೆಯ ನಿಯಮ. ಅಷ್ಟಕ್ಕೂ ಸಮಯವಿಲ್ಲದೆ ಹೋದರೆ? ಅಂತಹ ಶಿಶುವಿಗೆ ದಂಡನೆಯೂ ಇಲ್ಲ, ದೇವದರ್ಶನವೂ ಇಲ್ಲ, ಲಿಂಬೋ ಎಂಬ ನಡುವಣ ನೆಲೆಯೆಂದು ಮಧ್ಯಯುಗದ ಪಂಡಿತರು ಕಲಿಸಿದರು. ಅದು ಎಂದಿಗೂ ನಿಶ್ಚಿತ ಸಿದ್ಧಾಂತವಾಗದಿದ್ದರೂ ಶತಮಾನಗಳ ಕಾಲ ಮನೆಮನೆಗಳಲ್ಲಿ ನಂಬಲ್ಪಟ್ಟಿತು. 1917ರ ಧರ್ಮಸಭೆಯ ಕಾನೂನು ದೀಕ್ಷಾಸ್ನಾನವಿಲ್ಲದವರಿಗೆ ಮತವಿಧಿಯ ಸಮಾಧಿಯನ್ನು ನಿಷೇಧಿಸಿತ್ತು. ಒಂದು ನಿಮಿಷದ ತಡಕ್ಕಾಗಿ ತನ್ನ ಮಗು ತನ್ನ ಪಕ್ಕದಲ್ಲಿ ಮಲಗಲಾರದು, ಪರಲೋಕದಲ್ಲಿಯೂ ಸಿಕ್ಕದು ಎಂದು ತಿಳಿದ ತಾಯಿ, ಭಾನುವಾರ ಅದೇ ದೇವರ ದಯೆಯನ್ನು ಹಾಡಬೇಕಾಗಿತ್ತು.

1983ರ ಹೊಸ ಕಾನೂನು, ತಂದೆತಾಯಿಗಳು ದೀಕ್ಷಾಸ್ನಾನ ಮಾಡಿಸಬೇಕೆಂದಿದ್ದ ಪಕ್ಷದಲ್ಲಿ, ಬಿಷಪ್ಪರ ಅನುಮತಿಯಿಂದ ಅಂತ್ಯವಿಧಿಗೆ ಅವಕಾಶ ಕೊಟ್ಟಿತು. 1992ರ ಧರ್ಮೋಪದೇಶ ಗ್ರಂಥವು ಆ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸಿತು. 2007ರಲ್ಲಿ ರೋಮಿನ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗವು, ಅವುಗಳ ರಕ್ಷಣೆಯನ್ನು ನಿರೀಕ್ಷಿಸಲು ಗಂಭೀರ ಆಧಾರಗಳಿವೆಯೆಂದು ಪ್ರಕಟಿಸಿತು. ಇದು ನಿರೀಕ್ಷೆಯೇ ಹೊರತು ಖಚಿತ ಜ್ಞಾನವಲ್ಲವೆಂದೂ ಸೇರಿಸಿತು. ಅಕ್ಷರ ಬಾರದ ಎಷ್ಟೋ ತಾಯಂದಿರು ಅಷ್ಟನ್ನು ಯಾವ ಪಂಡಿತರನ್ನೂ ಕೇಳದೆ ಮೊದಲೇ ನಿರೀಕ್ಷಿಸಿಕೊಂಡಿದ್ದರು. ಉಳಿದವರಲ್ಲಿ ಅನೇಕರು 2007ಕ್ಕೆ ಮೊದಲೇ ತೀರಿಕೊಂಡಿದ್ದರು.