ಸರಳತೆಯೋ, ಅನುಕರಣೆಯೋ?

ವ್ಯಾಪಾರ ಚಿಹ್ನೆಯೆಂದರೆ ವರ್ತಕನು ಗ್ರಾಹಕನಿಗೆ ಕೊಟ್ಟ ಮಾತು. ಸರಕು ಯಾರದು, ಅದರ ಗುಣಕ್ಕೆ ಹೊಣೆ ಯಾರು ಎಂಬುದನ್ನು ಅದು ಸಾರುತ್ತದೆ. ಒಬ್ಬರ ಸರಕನ್ನು ಇತರರ ಸರಕಿನಿಂದ ಬೇರ್ಪಡಿಸಿ ತೋರಿಸುವ ಸಾಮರ್ಥ್ಯವು ಚಿಹ್ನೆಗಿರಬೇಕೆಂದು ಭಾರತದ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯೂ ವಿಧಿಸುತ್ತದೆ.

1856ರಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ಬರ್ಬೆರಿ ಎಂಬ ಉಡುಪಿನ ಸಂಸ್ಥೆಗೆ ಕುದುರೆಯೇರಿದ ಯೋಧನೇ ಹಳೆಯ ಗುರುತು. 2018ರಲ್ಲಿ ಆ ಸಂಸ್ಥೆಯು ಯೋಧನನ್ನು ಕೈಬಿಟ್ಟು, ದಪ್ಪನೆಯ ಬೋಳು ಅಕ್ಷರಗಳ ಹೆಸರನ್ನಷ್ಟೇ ಉಳಿಸಿಕೊಂಡಿತು. 2017ರಲ್ಲಿ ಬಲೆನ್ಸಿಯಾಗ, 2018ರಲ್ಲಿ ಬಾಲ್ಮೇನ್ ಸಂಸ್ಥೆಗಳೂ ಇಂಥವೇ ಅಕ್ಷರಗಳನ್ನು ತಳೆದವು. ಮೊಬೈಲಿನ ಕಿರುಪರದೆಯಲ್ಲಿ ಸೂಕ್ಷ್ಮ ರೇಖೆಗಳು ಮಸುಕಾಗುತ್ತವೆಂಬುದು ನಿಜ. ಆದರೆ ಎಲ್ಲರೂ ಒಂದೇ ವೇಷ ತೊಟ್ಟರೆ ಗುರುತಿಸುವ ಬಗೆ ಹೇಗೆ?

ಹಾಗೆಂದು ಸರಳತೆಯೇ ದೋಷವೆನ್ನಲಾಗದು. ಜರ್ಮನಿಯ ಡೈಮ್ಲರ್ ಸಂಸ್ಥೆಯು 1909ರಲ್ಲಿ ನೋಂದಾಯಿಸಿದ ಮೂರು ಮೊನೆಯ ನಕ್ಷತ್ರವು ಅತಿ ಸರಳ. ಆದರೂ ಅದನ್ನು ಕಂಡವರು ಮತ್ತೊಂದೆಂದು ಭ್ರಮಿಸರು. ಅನಗತ್ಯವಾದುದನ್ನು ಬಿಟ್ಟು ಸಾರವನ್ನು ಉಳಿಸಿಕೊಳ್ಳುವುದು ಸರಳತೆ. ನೆರೆಯವನನ್ನು ನೋಡಿ ತನ್ನತನವನ್ನೇ ಬಿಡುವುದು ಅನುಕರಣೆ. ಹೊರನೋಟಕ್ಕೆ ಎರಡೂ ತ್ಯಾಗದಂತೆ ಕಾಣುತ್ತವೆ. ಮೊದಲನೆಯದಕ್ಕೆ ವಿವೇಕವು ಪ್ರೇರಣೆ, ಎರಡನೆಯದಕ್ಕೆ ಹಿಂದುಳಿಯುವ ಭಯ.

2023ರಲ್ಲಿ ಬರ್ಬೆರಿಯು ತನ್ನ ಯೋಧನನ್ನು ಮರಳಿ ತಂದಿತು. ಅಳಿಸಿದ ಚಿತ್ರವನ್ನು ಮತ್ತೆ ಬರೆಯಿಸಬಹುದು. ಅದರ ಹಿಂದಿನ ಮಾತು ಒಮ್ಮೆ ಸಡಿಲಿದರೆ, ಯಾವ ಚಿತ್ರಕಾರನೂ ಅದನ್ನು ಬರೆದುಕೊಡಲಾರನು.