ಹಳೆಯ ಚೀಟಿಯನ್ನು ಬಳಸುವದೋ, ಇಡುವದೋ?

ಚಿಕ್ಕ ಸಂಗತಿಗಳಲ್ಲಿ ದೊಡ್ಡ ಪ್ರಶ್ನೆಗಳು ಅಡಗಿರುವದುಂಟು. ನಮ್ಮ ಚಿಮ್ಮಡದಂಥ ಊರುಗಳಲ್ಲಿಯೂ ಎಷ್ಟೋ ಮನೆಗಳ ಪೆಟ್ಟಿಗೆಯ ತಳದಲ್ಲಿ ಬಳಸದೆ ಉಳಿದ ವಸ್ತು ಒಂದಾದರೂ ಇರುತ್ತದೆ: ಉಡದ ಸೀರೆ, ಕಳುಹಿಸದ ಕಾಗದ, ಹೋಗಲಾರದೆ ಉಳಿದ ಪ್ರಯಾಣದ ಚೀಟಿ. ಇಂಥವುಗಳಲ್ಲಿ ವಿನೋದೋದ್ಯಾನದ ಪ್ರವೇಶ ಚೀಟಿಯನ್ನು ನಾವು ಈಗ ವಿಚಾರಕ್ಕೆ ತೆಗೆದುಕೊಳ್ಳೋಣ. ಹಳೆಯದಾದ ಚೀಟಿಯನ್ನು ಬಳಸುವದು ಯುಕ್ತವೋ, ನೆನಪಿಗಾಗಿ ಇಡುವದು ಯುಕ್ತವೋ?

ಇಂಥ ಉದ್ಯಾನಗಳಿಗೆ ಜನರು ಥೀಮ್ ಪಾರ್ಕ್ ಅನ್ನುತ್ತಾರೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಗರ ಬಾಳುವೆಯನ್ನೇ ಶಿಲ್ಪಗಳಲ್ಲಿ ತೋರಿಸಿದ್ದಾರೆ. ಬಿಡದಿಯ ಬಳಿಯಲ್ಲಿ 2005ರಲ್ಲಿ ತೆರೆದ ವಂಡರ್‌ಲಾದಲ್ಲಿ ನೀರಾಟಗಳೂ ತಿರುಗುವ ಸವಾರಿಗಳೂ ಉಂಟು. ನಮ್ಮ ಸೀಮೆಯಿಂದ ಬೆಂಗಳೂರಿಗೆ ಸುಮಾರು 500 ಕಿಲೋಮೀಟರಿನ ದಾರಿ. ರಬಕವಿ ಬನಹಟ್ಟಿಯ ಮಗ್ಗಗಳ ಕೂಲಿಯಿಂದಲೋ ಕಬ್ಬು ಕಡಿಯುವ ಕೆಲಸದಿಂದಲೋ ಬದುಕುವ ಮನೆಗೆ ಅಂಥ ಚೀಟಿ ಅಲ್ಪ ವಸ್ತುವಲ್ಲ.

ಹೀಗೊಂದು ಮನೆಯನ್ನು ಭಾವಿಸಿರಿ. ದುಡಿಯಲು ಪರಸ್ಥಳಕ್ಕೆ ಹೋದ ತಂದೆಯು ಕೂಲಿಯಲ್ಲಿ ಉಳಿಸಿ, ತನ್ನ ಮಗನಿಗಾಗಿ ಗಡುವಿಲ್ಲದ ಒಂದು ಚೀಟಿಯನ್ನು ಕೊಂಡು ತಂದನು. ಸುಗ್ಗಿ ಮುಗಿದ ಮೇಲೆ ಹೋಗೋಣವೆಂದನು. ಆದರೆ ಸುಗ್ಗಿಗೆ ಮುಂಚೆಯೇ ತೀರಿಹೋದನು. ತಾಯಿ ಆ ಚೀಟಿಯನ್ನು ಅರಿವೆಯಲ್ಲಿ ಸುತ್ತಿ ಇಟ್ಟಿದ್ದಾಳೆ. “ಅವ್ವಾ, ಅಪ್ಪ ಅದನ್ನು ನನಗೆ ತಂದದ್ದು, ನಾನು ಹೋಗುತ್ತೇನೆ” ಅನ್ನುತ್ತಾನೆ ಹುಡುಗನು. “ಬಾಗಿಲಲ್ಲಿ ಅದನ್ನು ಹರಿದುಹಾಕಿದರೆ ಅವರ ಕೈಯಿಂದ ಬಂದದ್ದು ಇನ್ನೇನು ಉಳಿಯಿತು?” ಅನ್ನುತ್ತಾಳೆ ತಾಯಿ. ಇಬ್ಬರಲ್ಲಿ ಯಾರ ಮಾತೂ ಸುಳ್ಳಲ್ಲ. ಆದದರಿಂದಲೇ ತೀರ್ಪು ಕಠಿಣ.

ಮೊದಲು ಚೀಟಿ ಎಂದರೇನೆಂದು ತಿಳಿಯಬೇಕು. ಅದು ಬರಿಯ ಕಾಗದವಲ್ಲ, ವಚನ. ಹಣ ತೆಗೆದುಕೊಂಡವನು, ಬಂದಾಗ ಒಳಗೆ ಬಿಡುತ್ತೇನೆಂದು ಕೊಟ್ಟ ಮಾತು. ನೋಟಿನ ಮೇಲೆಯೂ, ಹಿಡಿದವನಿಗೆ ಇಷ್ಟು ರೂಪಾಯಿ ಕೊಡುತ್ತೇನೆಂಬ ವಚನವುಂಟು. ಆದರೆ ವಚನಕ್ಕೂ ಆಯುಷ್ಯವುಂಟೆಂದು ನಾವು 2016ರಲ್ಲಿ ಕಂಡೆವು. ನವೆಂಬರ್ 8ರ ರಾತ್ರಿ, ಆಗಿನ 500 ಮತ್ತು 1000 ರೂಪಾಯಿಗಳ ನೋಟುಗಳು ಸಲ್ಲವೆಂದು ಸರಕಾರ ಸಾರಿತು. ಬ್ಯಾಂಕಿನಲ್ಲಿ ತುಂಬುವದಕ್ಕೆ ಡಿಸೆಂಬರ್ 30ರ ವರೆಗೆ ಮಾತ್ರ ಅವಕಾಶವಿತ್ತು. 2017ರ ಕಾಯದೆಯು, ಅಂಥ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಡಕೂಡದು, ಅಭ್ಯಾಸ, ಸಂಶೋಧನೆ ಇಲ್ಲವೆ ನಾಣ್ಯ ಸಂಗ್ರಹಕ್ಕಾದರೆ 25ರ ವರೆಗೆ ಇಡಬಹುದು ಎಂದು ಗೊತ್ತುಮಾಡಿತು. ನೋಡಿರಿ, ನೆನಪಿಗೆ ಕೆಲವನ್ನು ಇಡುವದನ್ನು ಕಾಯದೆಯೂ ತಪ್ಪೆನ್ನಲಿಲ್ಲ.

ವಿನೋದೋದ್ಯಾನಗಳಲ್ಲಿಯೂ ಹೀಗೆಯೇ ನಡೆದದ್ದುಂಟು. ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಎಂಬ ಉದ್ಯಾನವು 1955ರಲ್ಲಿ ತೆರೆಯಿತು. ಅಲ್ಲಿ ಒಂದೊಂದು ಸವಾರಿಗೆ ಒಂದೊಂದು ಕೂಪನ್ನು ಹರಿದು ಕೊಡುವ ಪುಸ್ತಕಗಳನ್ನು ಮಾರುತ್ತಿದ್ದರು. 1982ರಲ್ಲಿ ಆ ಪದ್ಧತಿ ನಿಂತು, ಒಂದೇ ಪ್ರವೇಶ ಚೀಟಿಯಿಂದ ಎಲ್ಲ ಸವಾರಿಗಳೂ ದೊರೆಯುವಂತಾಯಿತು. ಉಳಿದ ಕೂಪನ್ನುಗಳು ಸಂಗ್ರಾಹಕರ ಪೆಟ್ಟಿಗೆ ಸೇರಿದವು. ಇನ್ನೊಂದು ಸಂಗತಿ: 1985ರಲ್ಲಿ ಹುಡುಗಿಯಾಗಿದ್ದಾಗ ಗೆದ್ದ ಉಚಿತ ಚೀಟಿಯನ್ನು ಒಬ್ಬ ಸ್ತ್ರೀಯು 34 ವರುಷಗಳ ತರುವಾಯ, 2019ರಲ್ಲಿ, ಅದೇ ಉದ್ಯಾನದ ಬಾಗಿಲಿಗೆ ಒಯ್ದಳು. ಅವರು ಅದನ್ನು ಮಾನ್ಯ ಮಾಡಿ ಒಳಗೆ ಬಿಟ್ಟರು. ವಚನ ಉಳಿದಿತ್ತು. ಆದರೆ ಒಳಗೆ ಹೋದವಳು ಆ ಹುಡುಗಿಯಲ್ಲ, ದೊಡ್ಡವಳಾದ ಹೆಂಗಸು. ಚೀಟಿಗೆ ಗಡುವಿಲ್ಲದಿದ್ದರೂ ಹುಡುಗತನಕ್ಕೆ ಗಡುವುಂಟು.

ಈಗ ನಮ್ಮ ತಾಯಿಮಗನ ಕಡೆಗೆ ತಿರುಗೋಣ. ಒಂದನೆಯದಾಗಿ, ಚೀಟಿ ಇನ್ನೂ ಸಲ್ಲುತ್ತದೋ ಇಲ್ಲವೋ ಎಂದು ಕೊಟ್ಟವರನ್ನೇ ಕೇಳಬೇಕು. ಸಲ್ಲದಿದ್ದರೆ ಅದನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಲಿ. ಆದರೆ ಸಲ್ಲುತ್ತದೆಂದು ಹೇಳಿ ಮತ್ತೊಬ್ಬರಿಗೆ ಮಾರುವದು ಮೋಸ. ಎರಡನೆಯದಾಗಿ, ಅದು ಯಾರಿಗಾಗಿ ಬಂದದ್ದು? ತಂದೆಯು ಕೊಡಲು ಬಯಸಿದ್ದು ಕಾಗದವನ್ನಲ್ಲ, ಮಗನ ಒಂದು ದಿನದ ಸಂತೋಷವನ್ನು. ಕಾಗದವು ಆ ಸಂತೋಷವನ್ನು ಹೊತ್ತು ತಂದ ಬುಟ್ಟಿ ಮಾತ್ರ.

ಇಟ್ಟರೆ ಕೆಡುವದೇನು, ಎಂದು ಯಾರಾದರೂ ಕೇಳಾರು. ಬಿತ್ತುವದಕ್ಕೆ ಇಟ್ಟ ಜೋಳವನ್ನು ವರುಷಗಟ್ಟಲೆ ಗಡಿಗೆಯಲ್ಲಿಯೇ ಬಿಟ್ಟರೆ, ಕಾಳು ಕಣ್ಣಿಗೆ ಕಾಣುತ್ತದೆ, ಆದರೆ ಮೊಳೆಯುವ ಶಕ್ತಿ ಹೋಗಿರುತ್ತದೆ. ಹಾಗೆಯೇ ಹುಡುಗನು ಬೆಳೆದು ಸಂಸಾರಸ್ಥನಾದ ಮೇಲೆ ಆ ಚೀಟಿಯನ್ನು ಕೊಟ್ಟರೆ, ತಂದೆ ಬಯಸಿದ ಸಂತೋಷವು ಅದರಲ್ಲಿ ಉಳಿದಿರುವದೋ?

ಹಾಗೆಂದು ದುಃಖಿತಳಾದ ಆ ತಾಯಿಯನ್ನು ಗದರಿಸಿ ಚೀಟಿ ಕಸಿದುಕೊಳ್ಳುವದು ಧರ್ಮವಲ್ಲ. ನೆರೆಯವರು ಅದನ್ನು ಜಿಪುಣತನವೆಂದು ನಗಕೂಡದು. ಪ್ರೀತಿಯೂ ಹಿಡಿದುಕೊಳ್ಳುತ್ತದೆ, ಭಯವೂ ಹಿಡಿದುಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಎರಡರ ಮುಷ್ಟಿಯೂ ಒಂದೇ ತೆರನಾಗಿ ಕಾಣುತ್ತದೆ. ಯಾವದು ತನ್ನ ಕೈಯನ್ನು ಮುಚ್ಚಿಸಿದೆಯೆಂದು ಅವಳೇ ಪರೀಕ್ಷಿಸಿಕೊಳ್ಳಲಿ. ಅದಕ್ಕೆ ಬೇಕಾದಷ್ಟು ಕಾಲವನ್ನು ಮಗನು ಅವಳಿಗೆ ಕೊಡಲಿ. ಅವಳಾದರೋ “ಮುಂದಿನ ವರುಷ” ಎಂದು ಸುಮ್ಮನೆ ಹೇಳದೆ, ಒಂದು ದಿನವನ್ನು ಗೊತ್ತುಮಾಡಲಿ. ಯಾಕಂದರೆ ಇಡುತ್ತೇನೆ ಎಂಬದು ಒಂದು ನಿರ್ಣಯ, ಬಳಸುತ್ತೇನೆ ಎಂಬದೂ ಒಂದು ನಿರ್ಣಯ. ಎರಡನ್ನೂ ಹೇಳದೆ ಮುಂದೂಡುತ್ತಿರುವದು ನಿರ್ಣಯವೇ ಅಲ್ಲ.

ನನ್ನ ಅಭಿಪ್ರಾಯವು ಇದು. ಯಾರಿಗಾಗಿ ಒಂದು ವಸ್ತು ಕೊಡಲ್ಪಟ್ಟಿತೋ ಅವನು ಜೀವದಿಂದಿದ್ದು, ಅದರಿಂದ ಸಂತೋಷಪಡಬಲ್ಲವನಾಗಿದ್ದರೆ, ಅದನ್ನು ಬಳಸುವದೇ ಕೊಟ್ಟವನಿಗೆ ತೋರಿಸುವ ಮರ್ಯಾದೆ. ಅಂಥವನು ಯಾರೂ ಇಲ್ಲದಿದ್ದರೆ, ಅಥವಾ ವಚನದ ಆಯುಷ್ಯವೇ ಮುಗಿದಿದ್ದರೆ, ಅದನ್ನು ನೆನಪಿಗಾಗಿ ನಾಚಿಕೆಯಿಲ್ಲದೆ ಇಡಬಹುದು. ತಾಯಿಯು ಮಗನ ಸಂಗಡ ಹೋಗಲಿ. ಬಾಗಿಲಲ್ಲಿ ಹರಿದ ಚೀಟಿಯ ಅರ್ಧವನ್ನು ಕೊಟ್ಟರೆ ಅದನ್ನೇ ತಂದು ಅರಿವೆಯಲ್ಲಿ ಸುತ್ತಿ ಇಡಲಿ. ಕೊಡದಿದ್ದರೂ, ಅಪ್ಪ ಕೊಟ್ಟದ್ದು ಏನೆಂದು ಆ ಹುಡುಗನು ತನ್ನ ಮಕ್ಕಳಿಗೆ ಹೇಳಬಲ್ಲನು.

ವಾಚಕರೇ, ಈ ಸಾಯಂಕಾಲ ನಿಮ್ಮ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಿರಿ.